ಆಚಾರ ಮತ್ತು ಅದರ ವಿಚಾರ

ಆಂಗ್ಲಭಾಷೆಯ ‘ಎಥಿಕ್ಸ್’ ಮತ್ತು ‘ಮೊರಾಲಿಟಿ’ ಎಂಬೆರಡು ಶಬ್ದಗಳಿಗೂ ಕನ್ನಡದಲ್ಲಿ ‘ನೀತಿ’ ಎಂಬ ಒಂದೇ ಶಬ್ದವನ್ನು ಆಧಾರವಾಗಿಟ್ಟುಕೊಳ್ಳುವುದು ರೂಢಿಯಾಗಿದೆ. ಮೊದಲನೆಯದಕ್ಕೆ ‘ಶಾಸ್ತ್ರ’ವೆಂಬ ಉತ್ತರಪದವನ್ನು ಸೇರಿಸಿ ನೀತಿಶಾಸ್ತ್ರವೆಂದೂ, ಎರಡನೆಯದಕ್ಕೆ ಪ್ರತ್ಯಯವೊಂದನ್ನು ಹಚ್ಚಿ ನೈತಿಕತೆಯೆಂದೂ ಹೇಳಿಬಿಟ್ಟರೆ ವಿಷಯ ಇತ್ಯರ್ಥವಾಯಿತೆಂಬ ಭಾವನೆ ಪಠ್ಯಪುಸ್ತಕಗಳಲ್ಲಿ ಕಂಡುಬರುತ್ತದೆ. ವಸ್ತುತಃ ಇವೆರಡೂ ಒಂದೇ ಅಲ್ಲ. ಒಂದು ಜನಸಮುದಾಯ ತಲೆತಲಾಂತರದಿಂದ ನಡೆದುಕೊಂಡು ಬಂದ ಕಟ್ಟಳೆ ಒಂದು. ಆ ಕಟ್ಟಳೆ ಏಕೆ ಸರಿ, ಎಲ್ಲಿಯವರೆಗೆ ಸರಿ, ಯಾರ ಪಾಲಿಗೆ ಸರಿ ಎಂದು ಕೇಳುವ ವಿಚಾರ ಮತ್ತೊಂದು. ವೀರಶೈವದ ಇತಿಹಾಸದಲ್ಲಿ ಇವೆರಡರ ಸಂಬಂಧ ಬರಿಯ ಪರಿಭಾಷೆಯ ಪ್ರಶ್ನೆಯಾಗಿ ಉಳಿದಿಲ್ಲ. ಯಾರೊಡನೆ ಕುಳಿತು ಉಣ್ಣಬೇಕು, ಯಾರ ಮನೆಗೆ ಹೆಣ್ಣು ಕೊಡಬೇಕು, ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಎಷ್ಟು ಆಯಬೇಕು ಎಂಬ ದಿನನಿತ್ಯದ ಪ್ರಶ್ನೆಗಳಾಗಿ ಅದು ಎದುರಾಗಿದೆ. ಗುಬ್ಬಿ, ಎಡೆಯೂರು, ಗೂಳೂರು, ಕ್ಯಾತ್ಸಂದ್ರಗಳ ಹೆಸರುಗಳು ಈ ಪ್ರಶ್ನೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಪಾಶ್ಚಾತ್ಯರಲ್ಲಿ ಈ ಎರಡು ಶಬ್ದಗಳು ಬೇರೆಬೇರೆಯಾಗಿ ಹುಟ್ಟಿದವಲ್ಲ ಎಂಬುದು ಗಮನಾರ್ಹ. ಅರಿಸ್ಟಾಟಲನು ಗುಣಶೀಲಕ್ಕೆ ಸಂಬಂಧಿಸಿದ ಗ್ರೀಕ್ ಶಬ್ದವು ಅಭ್ಯಾಸವೆಂಬ ಅರ್ಥದ ‘ಎಥೋಸ್’ ಎಂಬುದರಿಂದಲೇ ಅಲ್ಪ ವ್ಯತ್ಯಾಸದೊಡನೆ ಬಂದುದೆಂದು ಹೇಳಿದ್ದಾನೆ. ರೋಮಿನ ಸಿಸೆರೋ ಆ ಗ್ರೀಕ್ ಶಬ್ದವನ್ನು ತನ್ನ ಲ್ಯಾಟಿನ್ನಿಗೆ ತರಲು, ರೂಢಿ ಎಂಬರ್ಥದ ‘ಮೋರೆಸ್’ ಎಂಬುದರಿಂದ ‘ಮೊರಾಲಿಸ್’ ಎಂಬ ಹೊಸ ಪದವನ್ನು ಕ್ರಿ.ಪೂ. 44ರ ಸುಮಾರಿನಲ್ಲಿ ರಚಿಸಿಕೊಂಡನು. ಹೀಗೆ ಒಂದು ಮತ್ತೊಂದರ ಅನುವಾದವೇ ಆಗಿದೆ. ಮುಂದೆ ತತ್ತ್ವಜ್ಞರು ಅವನ್ನು ಬೇರ್ಪಡಿಸಿದಾಗಲೂ ಎಲ್ಲರೂ ಒಂದೇ ರೀತಿ ಬೇರ್ಪಡಿಸಲಿಲ್ಲ. ಜರ್ಮನಿಯ ಹೆಗೆಲನು 1821ರಲ್ಲಿ ವ್ಯಕ್ತಿಯ ಅಂತಃಸಾಕ್ಷಿಯ ನೀತಿಗೆ ಒಂದು ಹೆಸರನ್ನೂ, ಕುಟುಂಬ ಸಮಾಜ ರಾಜ್ಯಗಳಲ್ಲಿ ನೆಲೆಗೊಂಡ ನೀತಿಗೆ ಇನ್ನೊಂದು ಹೆಸರನ್ನೂ ಕೊಟ್ಟನು. ಆಂಗ್ಲ ವಿದ್ವಾಂಸರಲ್ಲಿ ಹೆಚ್ಚಿನವರು ಜನರ ನಡತೆಯ ಕಟ್ಟಳೆಗಳನ್ನು ಮೊರಾಲಿಟಿ ಎಂದೂ, ಅವುಗಳ ಪರಾಮರ್ಶೆಯನ್ನು ಎಥಿಕ್ಸ್ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ರೂಢಿ ಮತ್ತು ರೂಢಿಯ ವಿಚಾರಣೆ ಎಂಬ ಭೇದ ಮಾತ್ರ ಉಳಿಯುತ್ತದೆ.

ಕನ್ನಡದ ‘ನೀತಿ’ ಈ ಎರಡರಲ್ಲಿ ಯಾವುದನ್ನೂ ಪೂರ್ಣವಾಗಿ ಹೊರಲಾರದು. ಅದರ ಪೂರ್ವಚರಿತ್ರೆಯೇ ಬೇರೆ. ಒಯ್ಯು, ನಡೆಸು ಎಂಬರ್ಥದ ಧಾತುವಿನಿಂದ ಬಂದ ಈ ಶಬ್ದಕ್ಕೆ ಸಂಸ್ಕೃತದಲ್ಲಿ ರಾಜ್ಯವನ್ನು ನಡೆಸುವ ಚಾತುರ್ಯವೇ ಮುಖ್ಯಾರ್ಥ. ಕಾಮಂದಕನ ನೀತಿಸಾರ ರಾಜನೀತಿಯ ಗ್ರಂಥ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರವೂ ನೀತಿಯ ಗ್ರಂಥವೆನಿಸಿಕೊಂಡಿದೆ; ಆದರೆ ಅಲ್ಲಿಯ ನರಿ, ಕಾಗೆ, ಕಪಿಗಳು ಕಲಿಸುವ ನೀತಿ ಬಹುಮಟ್ಟಿಗೆ ಲೋಕದಲ್ಲಿ ಮೋಸಹೋಗದೆ ಬದುಕುವ ಜಾಣ್ಮೆ. ಅದನ್ನು ಧರ್ಮವೆಂದು ಯಾರೂ ಭ್ರಮಿಸಲಾರರು. ಇಂದಿನ ಅರ್ಥದಲ್ಲಿ ನೀತಿಶಾಸ್ತ್ರವೆಂಬ ಮಾತು ಆಧುನಿಕ ವಿದ್ಯಾಭ್ಯಾಸದೊಡನೆ ಬಂದುದು. ಜನರ ಬಾಳನ್ನು ಕುರಿತು ಮಾತನಾಡುವಾಗ ಕನ್ನಡಿಗರು ಬಳಸುತ್ತ ಬಂದ ಶಬ್ದಗಳು ನಡೆ, ನಡತೆ, ಆಚಾರ, ಶೀಲ. ಇವುಗಳಲ್ಲಿ ‘ನಡೆ’ ಅಚ್ಚಗನ್ನಡ. ‘ಆಚಾರ’ವೂ ಚಲಿಸು ಎಂಬ ಧಾತುವಿನಿಂದ ಬಂದುದರಿಂದ ಎರಡರ ಮೂಲಾರ್ಥವೂ ಹೆಜ್ಜೆಯಿಡುವುದೇ.

ಶಿವಶರಣರು ಈ ಆಚಾರವೆಂಬ ಶಬ್ದದ ಜೊತೆಗೆ ‘ಅರಿವು’ ಎಂಬುದನ್ನು ಇಟ್ಟರು. ಅರಿವಿಲ್ಲದ ಆಚಾರ ಕುರುಡು, ಆಚಾರವಿಲ್ಲದ ಅರಿವು ಹೆಳವು ಎಂಬ ಅಭಿಪ್ರಾಯ ವಚನಗಳಲ್ಲಿ ನಾನಾ ರೂಪಗಳಲ್ಲಿ ವ್ಯಕ್ತವಾಗಿದೆ. ಆಂಗ್ಲರ ಶಬ್ದಯುಗ್ಮಕ್ಕೆ ಕನ್ನಡದಲ್ಲಿ ಸಮೀಪದ ಯುಗ್ಮವನ್ನು ಹುಡುಕುವುದಾದರೆ ನೀತಿ–ನೈತಿಕತೆಗಳಿಗಿಂತ ಅರಿವು–ಆಚಾರಗಳೇ ಹೆಚ್ಚು ಸಮರ್ಪಕವೆಂದು ಹೇಳಬೇಕಾಗುತ್ತದೆ. ಪಾಶ್ಚಾತ್ಯ ನೀತಿಶಾಸ್ತ್ರಜ್ಞನು ಕಟ್ಟಳೆಯನ್ನು ಹೊರಗೆ ನಿಂತು ಪರೀಕ್ಷಿಸಬಹುದು. ಅವನು ಅದರಂತೆ ನಡೆಯಲೇಬೇಕೆಂಬ ನಿರ್ಬಂಧವೇನೂ ಇಲ್ಲ. ಶರಣರಲ್ಲಿ ಆ ಸೌಲಭ್ಯವಿಲ್ಲ. ಅರಿತವನು ನಡೆಯಲೇಬೇಕು, ನಡೆಯುವವನು ಅರಿಯಲೇಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಚಾರಕ್ಕೆ ಕೊರತೆಯಿರಲಿಲ್ಲ. ಕುಲಾಚಾರ, ದೇಶಾಚಾರ, ಸ್ನಾನ, ಮಡಿ, ಸೂತಕ ಎಲ್ಲವೂ ಬಲವಾಗಿದ್ದವು. ಬಸವಣ್ಣನವರ ಅತ್ಯಂತ ಪ್ರಸಿದ್ಧ ವಚನಗಳಲ್ಲೊಂದು ಏಳು ನಿಷೇಧಗಳನ್ನು ಹೇಳುತ್ತದೆ: ಕಳವು, ಕೊಲೆ, ಸುಳ್ಳು, ಕೋಪ, ಅನ್ಯರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ. ಅಂತರಂಗದ ಶುದ್ಧಿಯೂ ಬಹಿರಂಗದ ಶುದ್ಧಿಯೂ ಇದರಲ್ಲೇ ಇವೆಯೆಂಬುದು ಅದರ ತಾತ್ಪರ್ಯ. ಈ ವಚನ ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವುದರಿಂದಲೇ ಅದರ ಒಂದು ವಿಶೇಷ ಕಣ್ತಪ್ಪುತ್ತದೆ. ಶುದ್ಧಿಯನ್ನು ಕುರಿತು ಹೇಳುವ ಆ ಮಾತಿನಲ್ಲಿ ನೀರಿನ, ಅಡುಗೆಯ, ಮುಟ್ಟಿನ, ಕುಲದ ಪ್ರಸ್ತಾಪವೇ ಇಲ್ಲ. ಅಂದಿನ ಲೋಕರೂಢಿ ಶುದ್ಧಿಯೆಂದರೆ ಯಾವುದನ್ನು ತಿಳಿಯುತ್ತಿತ್ತೋ ಅದೆಲ್ಲವನ್ನೂ ಬಿಟ್ಟು, ಮನುಷ್ಯನು ಮನುಷ್ಯನೊಡನೆ ನಡೆದುಕೊಳ್ಳುವ ರೀತಿಯನ್ನೇ ಶುದ್ಧಿಯೆಂದು ಹೆಸರಿಸಲಾಗಿದೆ. ರೂಢಿಯ ಶಬ್ದವನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸುವ ಈ ಕ್ರಮ ವಚನಕಾರರ ವಿಚಾರಪದ್ಧತಿಯ ಮುಖ್ಯ ಲಕ್ಷಣ. ಮಧುವರಸ ಮತ್ತು ಹರಳಯ್ಯನವರ ಮಕ್ಕಳ ವಿವಾಹದ ಕಥೆಯೂ ಇದನ್ನೇ ಹೇಳುತ್ತದೆ. ಕುಲಾಚಾರದ ದೃಷ್ಟಿಯಲ್ಲಿ ಅದು ವಿಪರೀತ. ಶಿವಾಚಾರದ ದೃಷ್ಟಿಯಲ್ಲಿ ಲಿಂಗಧಾರಿಗಳಿಬ್ಬರ ಸಹಜ ಸಂಬಂಧ. ಆ ಮದುಮಗನ ಹೆಸರು ಶೀಲವಂತನೆಂದೇ ಪರಂಪರೆ ಹೇಳುತ್ತ ಬಂದಿರುವುದು ಆಕಸ್ಮಿಕವಿರಲಾರದು.

ಆದರೆ ರೂಢಿಯನ್ನು ಮುರಿದ ವಿಚಾರವೇ ಕಾಲಕ್ರಮದಲ್ಲಿ ಹೊಸ ರೂಢಿಯಾಗುತ್ತದೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಪಂಚಾಚಾರಗಳ ವ್ಯವಸ್ಥೆ ಏರ್ಪಟ್ಟಿತು. ಅದರ ಪಕ್ಕದಲ್ಲಿ ಶೀಲಗಳ ಪಟ್ಟಿಯೂ ಬೆಳೆಯಿತು. ಅರುವತ್ತನಾಲ್ಕು ಶೀಲಗಳೆಂಬ ಎಣಿಕೆ ಪ್ರಸಿದ್ಧವಾಯಿತು. ಇಂಥದನ್ನು ಉಣ್ಣಬಾರದು, ಇಂಥವರು ತಂದ ನೀರನ್ನು ಮುಟ್ಟಬಾರದು, ಇಂಥ ಕಡೆ ಹೋಗಬಾರದು ಎಂಬ ವ್ರತಗಳು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ನಿಂತವು. ಅಂಬಿಗರ ಚೌಡಯ್ಯನಂತಹ ನಿಷ್ಠುರವಾದಿಗಳು ಶೀಲದ ಆಡಂಬರವನ್ನು ಕಟುವಾಗಿ ಖಂಡಿಸಿದ್ದಾರೆ. ಶೀಲದ ಪಕ್ಷವನ್ನು ಹಿಡಿದು ಮಾತನಾಡಿದ ಅಕ್ಕಮ್ಮನ ವಚನಗಳು ಇನ್ನೂ ಕುತೂಹಲಕರ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬುದು ಆಕೆಯ ಅಂಕಿತ. ವ್ರತನಿಯಮಗಳನ್ನು ಆಕೆಯಷ್ಟು ವಿವರವಾಗಿ ಹೇಳಿದವರು ವಿರಳ. ಆದರೂ ಹೊರಗಿನ ವ್ರತಗಳ ಸಂಖ್ಯೆಯನ್ನು ಹಿಡಿದು ಮನಸ್ಸಿನ ವ್ರತವನ್ನು ಬಿಟ್ಟವರನ್ನು ಆಕೆ ಒಪ್ಪುವುದಿಲ್ಲ. ಆಚಾರಕ್ಕೆ ತಪ್ಪಿದವನು ಗುರುವೇ ಆಗಿರಲಿ ಜಂಗಮನೇ ಆಗಿರಲಿ ಆತನನ್ನು ಮಾನ್ಯಮಾಡುವುದಿಲ್ಲ. ಕಟ್ಟಳೆಯ ಕಟ್ಟಾ ಪ್ರತಿಪಾದಕಿಯಾದ ಈಕೆಯಲ್ಲಿಯೂ ವ್ಯಕ್ತಿಗಿಂತ ತತ್ತ್ವ ದೊಡ್ಡದೆಂಬ ವಿಚಾರ ಹೀಗೆ ತಲೆಯೆತ್ತುವುದು ಗಮನಿಸತಕ್ಕದ್ದು.

ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಶರಣರ ಈ ಸಂವಾದಗಳಿಗೆ ಮರುಜೀವ ಕೊಟ್ಟ ಕಾರ್ಯದಲ್ಲಿ ತುಮಕೂರು ಸೀಮೆಯ ಪಾತ್ರ ಹಿರಿದು. ಕಗ್ಗೆರೆಯಲ್ಲಿ ತಪಗೈದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು 701 ವಚನಗಳ ಷಟ್‌ಸ್ಥಲಜ್ಞಾನಸಾರಾಮೃತವನ್ನು ರಚಿಸಿದರು. ಅವರ ಶಿಷ್ಯಪರಂಪರೆಯಲ್ಲಿ ಬಂದ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಗಳಲ್ಲಿ ನಾಲ್ಕನೆಯದನ್ನು ಸಂಕಲಿಸಿದರು. ಅದಕ್ಕೆ ಪೂರ್ವದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ ಇವರ ಸಂಕಲನಗಳಿದ್ದವು. ವಚನಗಳನ್ನು ಸಂಭಾಷಣೆಯ ಕ್ರಮದಲ್ಲಿ ಜೋಡಿಸಿದ ಈ ಗ್ರಂಥ ಅನುಭಾವದ ಗ್ರಂಥವೆಂದು ಪ್ರಸಿದ್ಧವಾಗಿರುವುದು ಸಹಜವೇ. ಆದರೆ ಅದನ್ನು ಆಚಾರವಿಚಾರದ ಗ್ರಂಥವೆಂದು ಓದಿದವರು ಕಡಿಮೆ. ಅಲ್ಲಿ ಯಾರೊಬ್ಬರ ಸತ್ಕಾರ್ಯವೂ ಪ್ರಶ್ನೆಗೊಳಗಾಗದೆ ಉಳಿಯುವುದಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನಿಗಿಂತ ಪರೋಪಕಾರಿ ಯಾರು? ಲೋಕದ ನೈತಿಕತೆ ಆತನನ್ನು ಹೊಗಳಿ ಸುಮ್ಮನಾಗುತ್ತದೆ. ಅಲ್ಲಮಪ್ರಭು ಮಾತ್ರ ಆತನನ್ನು ಮಣ್ಣು ಹೊರುವ ಒಡ್ಡನೆಂದು ಕರೆಯುತ್ತಾನೆ. ಕೆರೆಯ ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಮಾಡುವ ಕಾರ್ಯ ಒಳ್ಳೆಯದು, ಮಾಡಿದೆನೆಂಬ ಭಾವ ಉಳಿದರೆ ಅದರ ಗತಿಯೇನು ಎಂಬುದು ಪ್ರಭುವಿನ ಪ್ರಶ್ನೆ. ಕೆರೆ ಕಟ್ಟುವುದು ತಪ್ಪೆಂದು ಆತ ಎಲ್ಲಿಯೂ ಹೇಳಲಿಲ್ಲವೆಂಬುದನ್ನು ಮರೆಯಬಾರದು.

ಇದಕ್ಕಿಂತಲೂ ಸೂಕ್ಷ್ಮವಾದುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ. ಇಂದಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತಿದ್ದ ಗಂಡನಿಗೆ ಕಾಯಕದ ಹೊತ್ತು ಮೀರಿತೆಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಮಾರಯ್ಯ ಲಗುಬಗೆಯಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಲಕ್ಕಮ್ಮ ಅದನ್ನು ಒಳಗೆ ಸೇರಿಸುವುದಿಲ್ಲ. ಇದು ನಿಮ್ಮ ಮನಸ್ಸಿನ ಆಸೆಯೋ, ಅಥವಾ ಬಸವಣ್ಣನವರು ಸಂದೇಹಪಟ್ಟು ಮಾಡಿದ ಪರೀಕ್ಷೆಯೋ ಎಂದು ವಿಚಾರಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆಸೆ ಅರಸರಿಗೆ ಉಚಿತವಾದೀತು, ಶಿವಭಕ್ತರಿಗೆ ಸಲ್ಲದು ಎಂಬುದು ಆಕೆಯ ನಿಲುವು.

ಇಲ್ಲಿ ಮಾರಯ್ಯ ಮಾಡಿದ ತಪ್ಪೇನು? ಅಕ್ಕಿ ಚೆಲ್ಲಿದ್ದು, ಒಡೆಯನಿಲ್ಲದ್ದು. ಆಯ್ದುಕೊಳ್ಳಲು ಮೊದಲಿನಿಂದಲೂ ಅನುಮತಿ ಇದ್ದೇ ಇತ್ತು. ತಂದುದು ಸ್ವಂತಕ್ಕಲ್ಲ, ಜಂಗಮದಾಸೋಹಕ್ಕೆ. ಯಾವ ಧರ್ಮಶಾಸ್ತ್ರವೂ, ಯಾವ ನ್ಯಾಯಸ್ಥಾನವೂ ಇದನ್ನು ಕಳವೆನ್ನಲಾರದು. ಬಸವಣ್ಣನವರು ಹೇಳಿದ ಏಳು ನಿಷೇಧಗಳಲ್ಲಿ ಯಾವುದನ್ನೂ ಆತ ಅಕ್ಷರಶಃ ಮೀರಿಲ್ಲ. ಕಟ್ಟಳೆ ಎಲ್ಲಿ ಮೌನವಾಗುತ್ತದೆಯೋ ಅಲ್ಲಿ ಲಕ್ಕಮ್ಮನ ವಿಚಾರ ಆರಂಭವಾಗುತ್ತದೆ. ನಾಳೆಗೆ ಬೇಕೆಂಬ ಚಿಂತೆಯಿಂದ ಒಂದು ಹಿಡಿ ಹೆಚ್ಚು ಆಯ್ದ ಕೂಡಲೇ ಕಾಯಕವು ಸಂಗ್ರಹವಾಗುತ್ತದೆ; ಹೊರಗಿನಿಂದ ನೋಡುವವರಿಗೆ ಬಾಗಿ ಆಯುವ ಕೈ ಅದೇ ಕೈ. ಆ ಅಂತರವನ್ನು ತಿಳಿಯಲು ಶಾಸ್ತ್ರ ಸಾಲದು, ಮನಸ್ಸನ್ನು ಕೇಳಬೇಕು. ಇಷ್ಟನ್ನು ತಿಳಿಸಿದವಳು ಬಡ ಗೃಹಿಣಿ ಎಂಬುದನ್ನು ಪಾಶ್ಚಾತ್ಯ ನೀತಿಶಾಸ್ತ್ರದ ಚರಿತ್ರೆಯೊಡನೆ ಹೋಲಿಸಿದರೆ ವೀರಶೈವದ ವೈಶಿಷ್ಟ್ಯ ಮನವರಿಕೆಯಾದೀತು.

ಕೊಳ್ಳುವವನ ವಿಚಾರ ಹೀಗಾದರೆ ಆಳುವವನ ವಿಚಾರವನ್ನು ಗುಬ್ಬಿಯ ಕವಿಯೊಬ್ಬನು ಎತ್ತಿಕೊಂಡಿದ್ದಾನೆ. ವೀರಶೈವಾಮೃತ ಮಹಾಪುರಾಣದ ಕರ್ತೃವಾದ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನು ರಚಿಸಿದನು. ಸತ್ಯೇಂದ್ರ ಚೋಳನ ಕಥೆ ಅದರ ವಸ್ತು. ಬೀದಿಯಲ್ಲಿ ಕುದುರೆ ಓಡಿಸಿದ ರಾಜಕುಮಾರನ ದೆಸೆಯಿಂದ ಬಡ ಹೆಂಗಸೊಬ್ಬಳ ಮಗು ಸಾಯುತ್ತದೆ. ಅರಸನು ಸ್ವಂತ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವನ ಕೃಪೆಯಿಂದ ಎಲ್ಲರೂ ಬದುಕುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ಈ ಕಥೆಯನ್ನೇ ರಾಜಶೇಖರವಿಳಾಸವೆಂಬ ಚಂಪುವಾಗಿ ವಿಸ್ತರಿಸಿದನು. ಪಂಚಾಕ್ಷರಿಯ ಮಹಿಮೆಯನ್ನು ಸಾರುವುದು ಮಲ್ಲಣಾರ್ಯನ ಉದ್ದೇಶವಾದರೂ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಆ ತೀರ್ಪು. ಇದರ ಸೋದರಕಥೆ ತಮಿಳುನಾಡಿನಲ್ಲಿ ಮನುನೀತಿಚೋಳನ ಹೆಸರಿನಲ್ಲಿದೆ. ಅಲ್ಲಿ ರಥದ ಗಾಲಿಗೆ ಸಿಕ್ಕಿ ಸಾಯುವುದು ಹಸುವಿನ ಕರು. ಶಾಸ್ತ್ರೋಕ್ತವಾದ ಪ್ರಾಯಶ್ಚಿತ್ತ ಮಾಡಿಸಿದರೆ ಸಾಕೆಂದು ಮಂತ್ರಿಗಳು ಸೂಚಿಸುತ್ತಾರೆ. ಅವರು ಹೇಳಿದ್ದು ಅಶಾಸ್ತ್ರೀಯವೇನಲ್ಲ. ಬೇರೆಯವನು ಕೊಂದಿದ್ದರೆ ಇದೇ ಮಾತು ಹೇಳುತ್ತಿದ್ದಿರಾ ಎಂದು ಅರಸನು ಕೇಳುತ್ತಾನೆ. ಒಂದು ನಿಯಮ ಎಲ್ಲರಿಗೂ ಸಮನಾಗಿ ಸಲ್ಲಬೇಕೆಂಬ ಈ ಒರೆಗಲ್ಲು ಆಧುನಿಕ ನೀತಿಶಾಸ್ತ್ರದಲ್ಲಿ ಬಹಳ ಚರ್ಚೆಗೊಳಗಾದುದು. ದಂಡನೆ ಅತಿಯಾಯಿತೆಂದು ಇಂದಿನವರು ಆಕ್ಷೇಪಿಸಬಹುದು, ಆಕ್ಷೇಪಿಸಲೂಬೇಕು. ಆದರೆ ಅರಸನ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ.

ಈ ಒರೆಗಲ್ಲನ್ನು ವೀರಶೈವದ ಸ್ವಂತ ಆಚಾರಕ್ಕೆ ಹಚ್ಚಿ ನೋಡುವ ಧೈರ್ಯವೂ ಬೇಕು. ಶಿವಾಚಾರವು ಲಿಂಗಧಾರಿಗಳಲ್ಲಿ ಕುಲಭೇದವನ್ನು ಅಳಿಸಿತು. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತಗಳೆಂಬ ಪಂಚಸೂತಕಗಳನ್ನು ನಿರಾಕರಿಸಿತು. ಅದೇ ವೇಳೆಯಲ್ಲಿ ಭಕ್ತ ಮತ್ತು ಭವಿ ಎಂಬ ಹೊಸ ಗೆರೆಯೊಂದನ್ನು ಎಳೆಯಿತು. ಭವಿಯ ಮನೆಯ ಅನ್ನವನ್ನು ನಿಷೇಧಿಸುವ ವಚನಗಳು ಅನೇಕವಿವೆ. ಹೊಸದಾಗಿ ಹುಟ್ಟಿ, ವಿರೋಧಿಗಳ ನಡುವೆ ಬಾಳಬೇಕಾಗಿದ್ದ ಸಮುದಾಯಕ್ಕೆ ಆ ಗೆರೆ ರಕ್ಷಾಕವಚವಾಗಿತ್ತೆಂದು ಇತಿಹಾಸಕಾರರು ಸಮಾಧಾನ ಹೇಳಬಹುದು. ಅಂದು ಭವಿ ಎನ್ನುವುದು ಹುಟ್ಟಿನಿಂದ ಬಂದ ಹೆಸರಾಗಿರಲಿಲ್ಲ. ಇಷ್ಟಲಿಂಗ ಕಟ್ಟಿಕೊಂಡವನು ಆ ಕ್ಷಣವೇ ಭಕ್ತನಾಗುತ್ತಿದ್ದನು. ಶತಮಾನಗಳು ಉರುಳಿದಂತೆ ದೀಕ್ಷೆಯ ಬಾಗಿಲು ಕಿರಿದಾಯಿತು, ಗೆರೆ ಮಾತ್ರ ಉಳಿಯಿತು. ಬಾಗಿಲಿಲ್ಲದ ಗೆರೆ ಗೋಡೆಯಾಗುತ್ತದೆ. ಒಳಪಂಗಡಗಳ ನಡುವೆಯೇ ಕೊಡುಕೊಳ್ಳುವುದು ನಿಂತಿತು. ಶಿವಾಚಾರವು ಯಾವ ಕುಲಾಚಾರವನ್ನು ಎದುರಿಸಿ ಹುಟ್ಟಿತೋ ಅದರ ರೂಪವನ್ನೇ ಎಷ್ಟೋ ಊರುಗಳಲ್ಲಿ ತಾಳಿತು. ಅರಿವು ಹಿಂದೆ ಸರಿದು ಆಚಾರವೊಂದೇ ಮುಂದುವರಿದರೆ ಹೀಗಾಗುವುದು ಯಾವ ಧರ್ಮದಲ್ಲಿಯೂ ಅಪೂರ್ವವಲ್ಲ.

ಈ ಹಿನ್ನೆಲೆಯಲ್ಲಿ ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಕ್ಷೇತ್ರದ ಚರಿತ್ರೆಯನ್ನು ಅವಲೋಕಿಸಬೇಕು. ಗೋಸಲ ಸಿದ್ಧೇಶ್ವರರ ಪರಂಪರೆಯ ಈ ಮಠದಲ್ಲಿ ನೀರಡಿಸಿದ ವಿರಕ್ತರೊಬ್ಬರಿಗಾಗಿ ಬಂಡೆಯಿಂದ ಗಂಗೆ ಚಿಮ್ಮಿತೆಂಬುದು ಸ್ಥಳದ ಐತಿಹ್ಯ. ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಇಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಶಿವಣ್ಣನವರು 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಹೊಣೆ ಅವರ ಮೇಲೆ ಬಿದ್ದಿತು. ಮಠದ ಆದಾಯ ಅಲ್ಪವಾಗಿದ್ದ ಆ ವರ್ಷಗಳಲ್ಲಿ ಅವರು ಹಳ್ಳಿಹಳ್ಳಿಗೆ ಹೋಗಿ ಭಿಕ್ಷೆಯಿಂದ ಧಾನ್ಯ ತಂದು ಮಕ್ಕಳನ್ನು ಸಾಕಿದರು. ರೈತರು ಕಣದಿಂದ ಕೊಟ್ಟ ರಾಗಿಯೇ ಮುದ್ದೆಯಾಯಿತು. ಮುಂದೆ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಹತ್ತು ಸಾವಿರದ ಹತ್ತಿರಕ್ಕೆ ಬೆಳೆಯಿತು. ಎಲ್ಲ ಜಾತಿಗಳ, ಇತರ ಮತಗಳ ಮಕ್ಕಳಿಗೂ ಇಲ್ಲಿ ಊಟ, ವಸತಿ, ವಿದ್ಯೆಗಳು ಉಚಿತವಾಗಿ ದೊರೆತವು.

ಇದನ್ನು ಔದಾರ್ಯವೆಂದು ವರ್ಣಿಸಿ ಮುಗಿಸುವುದು ವಾಡಿಕೆ. ವಿಚಾರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅದಕ್ಕಿಂತ ಮಿಗಿಲಾದುದಿದೆ. ದಾನವೆಂಬುದು ಲೋಕ ಒಪ್ಪಿದ ಸದ್ಗುಣ. ಅದರಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಪಂಚಾಚಾರಗಳಲ್ಲಿ ಭೃತ್ಯಾಚಾರಕ್ಕೆ ಇರುವ ಅರ್ಥವೂ ಇದೇ. ಯಾರಿಗೆ ದಾಸನಾಗಬೇಕು ಎಂಬಲ್ಲಿ ಹಿಂದಿನ ಆಚಾರ ಶಿವಭಕ್ತರಿಗೆ ಎಂದು ಉತ್ತರ ಹೇಳಿ ನಿಲ್ಲುತ್ತಿತ್ತು. ಸಿದ್ಧಗಂಗೆಯ ಪಂಕ್ತಿಯಲ್ಲಿ ಹಸಿದು ಬಂದ ಮಗು ಭಕ್ತನ ಮಗುವೋ ಭವಿಯ ಮಗುವೋ ಎಂದು ಕೇಳಲಿಲ್ಲ. ಹೀಗೆಂದು ಶಿವಾಚಾರವನ್ನು ಬಿಟ್ಟಂತೆಯೂ ಆಗಲಿಲ್ಲ. ಬೆಳಗಿನ ಇಷ್ಟಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆ, ವಿಭೂತಿ ಎಲ್ಲವೂ ಇದ್ದಂತೆಯೇ ಇದ್ದವು. ಆಚಾರವನ್ನು ಒಡೆಯದೆ ಅದರ ಎಲ್ಲೆಯನ್ನು ಹಿಗ್ಗಿಸುವ ಈ ರೀತಿಯನ್ನು ಕುರಿತು ಶ್ರೀಗಳವರು ಶಾಸ್ತ್ರಾರ್ಥ ನಡೆಸಲು ಹೋಗಲಿಲ್ಲ. ಪಂಕ್ತಿ ಹಾಕಿ ಬಡಿಸಿದರು. ಹಾಗೆಂದು ಸಮಾಜದ ಒಳಗಿನ ಗೋಡೆಗಳೆಲ್ಲ ಬಿದ್ದುವೆಂದು ತಿಳಿದರೆ ತಪ್ಪಾದೀತು. ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಹುಡುಗರ ಮದುವೆಯ ಮಾತು ಬಂದಾಗ ಹಿರಿಯರು ಇಂದಿಗೂ ಒಳಪಂಗಡವನ್ನು ವಿಚಾರಿಸುವುದುಂಟು. ಹರಳಯ್ಯ ಮಧುವರಸರ ಪ್ರಶ್ನೆಗೆ ಪಂಕ್ತಿಯಲ್ಲಿ ದೊರೆತ ಉತ್ತರ ಚಪ್ಪರದಲ್ಲಿ ಇನ್ನೂ ದೊರೆತಿಲ್ಲ.

ಶ್ರೀ ಶಿವಕುಮಾರ ಸ್ವಾಮಿಗಳವರು 2019ರ ಜನವರಿ 21ರಂದು, ಸೋಮವಾರ, ಮಧ್ಯಾಹ್ನಕ್ಕೆ ಮೊದಲೇ ಲಿಂಗೈಕ್ಯರಾದರು. ಸಾವಿನ ಸುದ್ದಿ ಬಂದ ಮನೆಯಲ್ಲಿ ಒಲೆ ಹಚ್ಚಬಾರದು, ಬಾಯಿಗೆ ಅನ್ನವಿಡಬಾರದು ಎಂಬುದು ನಾಡಿನ ರೂಢಿ; ಪ್ರೇತಸೂತಕವನ್ನು ಒಪ್ಪದ ವೀರಶೈವರ ಮನೆಗಳಲ್ಲಿಯೂ ಗೌರವದ ಹೆಸರಿನಲ್ಲಿ ಅದು ನಡೆದುಬಂದಿದೆ. ಗುರುಗಳ ವಿಷಯದಲ್ಲಂತೂ ಯಾವ ಮಗುವೂ ಅಂದು ಉಣ್ಣುತ್ತಿರಲಿಲ್ಲ. ತಾವು ಲಿಂಗೈಕ್ಯರಾದರೆ ಮಕ್ಕಳ ಊಟವಾದ ಮೇಲೆಯೇ ಸುದ್ದಿಯನ್ನು ತಿಳಿಸಬೇಕೆಂದು ಶ್ರೀಗಳವರು ಮೊದಲೇ ಹೇಳಿದ್ದರೆಂದು ಅಂದಿನ ಪತ್ರಿಕೆಗಳು ವರದಿಮಾಡಿದವು. ಮಠದಲ್ಲಿ ಆ ಮಧ್ಯಾಹ್ನದ ಪಂಕ್ತಿ ಎಂದಿನಂತೆ ಕುಳಿತು ಎದ್ದಿತು. ಆ ಬಳಿಕ ಸುದ್ದಿಯನ್ನು ಸಾರಲಾಯಿತು.